ಗುರುತಿಲ್ಲದ ಊರಿನಲ್ಲಿ ಒಂದು ಪದ

ಹೊನ್ನೂರಿನ ಯಜಮಾನರಾದ ವೃಷಭೇಂದ್ರಪ್ಪನವರು ಅಂತಿಯೂರಿನಲ್ಲಿ ಬಸ್ಸಿನಿಂದ ಇಳಿದು, ಅಭ್ಯಾಸಬಲದಿಂದ ಕೈಚೀಲವನ್ನು ಹಿಂದಕ್ಕೆ ಚಾಚಿದರು. ಇಸಿದುಕೊಳ್ಳಲು ಆಳು ಇರಲಿಲ್ಲ. ಚೀಲ ಧೂಳಿಗೆ ಬಿತ್ತು. ಐವತ್ತು ದಾಟಿದ ಮೇಲೆ ಮೊದಲ ಸಲ ಅವರು ಒಬ್ಬರೇ ಹೊರಟಿದ್ದರು. ಅದೂ ಕೊಳ್ಳೇಗಾಲ, ಹನೂರು, ರಾಮಾಪುರ ದಾಟಿ, ಕಾಡುಘಟ್ಟ ಇಳಿದು, ಮದ್ರಾಸು ರಾಜ್ಯದ ಈ ತಮಿಳು ಊರಿಗೆ. ಬಂದದ್ದು ದನ ಕೊಳ್ಳಲಿಕ್ಕಲ್ಲ, ನಂಟಸ್ತಿಕೆ ಬೆಳೆಸಲಿಕ್ಕೂ ಅಲ್ಲ. ಒಂದು ಪದ ಹಾಡಲಿಕ್ಕೆ.

ಇದು ಹೆಂಡತಿ ಸುವರ್ಣಮ್ಮನವರ ಉಪಾಯ. ಹೊನ್ನೂರಿನ ಸೋಮವಾರದ ಭಜನೆಯಲ್ಲಿ ಮುಂದೆ ಕೂತು ಹಾಡುವವರು ಯಾವಾಗಲೂ ಯಜಮಾನರೇ. ಅವರು ಬಾಯಿ ತೆರೆಯುವ ಮೊದಲೇ ಜನ ತಲೆದೂಗಲು ಶುರುಮಾಡುತ್ತಿದ್ದರು. ಇಂಥ ಕಂಠ ರೇಡಿಯೋದಲ್ಲಿ ಬರಬೇಕು ಎಂದು ಯಾರೋ ಪುಣ್ಯಾತ್ಮ ಹೇಳಿದ್ದೇ ತಡ, ಅವರು ಹೊಸ ಜರಿಪೇಟ ತರಿಸಿ, ಮೈಸೂರಿಗೆ ಹೋಗಿ ಹಾಡಿ ತೋರಿಸುವ ದಿನವನ್ನೂ ಗೊತ್ತುಮಾಡಿ, ಸುತ್ತಲ ಊರಿಗೆಲ್ಲ ಸಾರಿಬಿಟ್ಟಿದ್ದರು. ಮೈಸೂರಿನಲ್ಲಿ ಮಾನ ಹೋದರೆ ಮತ್ತೆ ಊರಿಗೆ ಬರುವ ದಾರಿ ಯಾವುದು ಎಂಬ ಚಿಂತೆ ಸುವರ್ಣಮ್ಮನವರದು. ಆದರೆ ಗಂಡನ ಮುಖ ನೋಡಿ ಹೇಳುವುದು ಹೇಗೆ? ಒಂದು ದಿನ ಮುದ್ದೆಗೆ ಸಾರು ಬಿಡುತ್ತ ಮೆಲ್ಲಗೆ ಹೇಳಿದರು: “ಅದ್ಕೂ ಮುಂಚೆ ನಮ್ಮುನ್ನ ಯಾರೂ ಅರೀದಿರೋ ಊರ್‌ಗೆ ಒಬ್ರೇ ಓಗಿ ಒಂದ್ ಪದ ಯೋಳ್ಬುಟ್ಟು ಬನ್ನಿ. ಅಲ್ಲಿ ಜನ ಏನಂದರು ನೋಡ್ಕಂಡು ಮೈಸೂರ್‌ಗೆ ಓಗೀರಂತೆ.” ಯಜಮಾನರಿಗೆ ಮಾತು ಬಹಳ ಹಿಡಿಸಿತು. ತಮಿಳರೂ ಒಮ್ಮೆ ತಲೆದೂಗಲಿ ಎಂದುಕೊಂಡರು.

ಬಸ್ಸು ನಿಲ್ಲುವ ಕಡೆ ಇಡ್ಲಿ ಮಾರುತ್ತಿದ್ದ ಮುದುಕಿಯ ಬಾಯಲ್ಲಿ ಕನ್ನಡ ಕೇಳಿ ಅವರಿಗೆ ಹೋದ ಜೀವ ಬಂದಂತಾಯಿತು. ಹೆಸರು ಪುಟ್ಟಮಲ್ಲಮ್ಮ, ತವರು ಹನೂರು ಕಡೆಯ ಶಾಗ್ಯ, ಮದುವೆಯಾಗಿ ಬಂದು ಇಲ್ಲೇ ತಲೆ ನರೆತವಳು. ಸಂಜೆ ಈಶ್ವರನ ಗುಡಿಯ ಜಗಲಿಯಲ್ಲಿ ನೇಕಾರರು ಕೂತು ಹಾಡುತ್ತಾರೆ, ತಾನೇ ಕರೆದೊಯ್ಯುತ್ತೇನೆ ಎಂದಳು. ಸಂಜೆಯವರೆಗೆ ಯಜಮಾನರು ಊರು ಸುತ್ತಿದರು. ಅವರನ್ನು ಕಂಡು ಯಾರೂ ಜಗಲಿಯಿಂದ ಏಳಲಿಲ್ಲ, ಬೀಡಿ ಮರೆಮಾಡಲಿಲ್ಲ. ಮೊದಲು ಸಿಟ್ಟು ಬಂತು. ಆಮೇಲೆ ಏನೋ ಹಗುರವೆನಿಸಿತು. ಕೆರೆಯ ಮೆಟ್ಟಿಲ ಮೇಲೆ ಕೂತು, ಹುರಿದ ಕಡಲೆಕಾಯಿ ಸುಲಿದು ತಿಂದು, ಸಿಪ್ಪೆಯನ್ನು ನೀರಿಗೆ ಊದಿದರು. ಹೊನ್ನೂರಿನಲ್ಲಿ ಹೀಗೆ ಮಾಡಿದ್ದರೆ ಯಜಮಾನರಿಗೆ ಏನೋ ಆಗಿದೆ ಎಂದು ವೈದ್ಯರನ್ನು ಕರೆಸುತ್ತಿದ್ದರು.

ದೀಪ ಹಚ್ಚುವ ಹೊತ್ತಿಗೆ ಜಗಲಿ ತುಂಬಿತು. ಪರಸ್ಥಳದವರಿಗೆ ಮೊದಲ ಪದ ಎಂದು ನೇಕಾರರು ಮರ್ಯಾದೆ ಕೊಟ್ಟರು. ಯಜಮಾನರು ಗಂಟಲು ಸರಿಮಾಡಿಕೊಂಡು ಪದ ಎತ್ತಿದರು.

ಹೊನ್ನೂರಿನಲ್ಲಿ ಹಾರ್ಮೋನಿಯಂ ಮಹದೇವುವಿನದು. ಯಜಮಾನರ ಸ್ವರ ಎತ್ತ ಹಾರಿದರೆ ಅತ್ತ ಅವನ ಬೆರಳು ಅಟ್ಟಿಸಿಕೊಂಡು ಓಡುತ್ತಿತ್ತು. ಹಿಡಿಯಲಾಗದಿದ್ದರೆ ಹಿಮ್ಮೇಳದವರು ಗಟ್ಟಿಯಾಗಿ ಕೂಗಿ ಮುಚ್ಚಿಹಾಕುತ್ತಿದ್ದರು. ಇಂಥದೊಂದು ಏರ್ಪಾಡು ಇದೆಯೆಂದು ಊರಲ್ಲಿ ಯಜಮಾನರೊಬ್ಬರಿಗೇ ಗೊತ್ತಿರಲಿಲ್ಲ. ಅಂತಿಯೂರಿನ ಹಾರ್ಮೋನಿಯಂ ತನ್ನ ಶ್ರುತಿ ಬಿಟ್ಟು ಕದಲಲಿಲ್ಲ. ಹಿಮ್ಮೇಳಕ್ಕೆ ಕನ್ನಡ ಬಾರದು, ಸುಮ್ಮನೆ ಕೂತಿತು. ವೃಷಭೇಂದ್ರಪ್ಪನವರ ಧ್ವನಿ ಹಗ್ಗ ಬಿಚ್ಚಿಕೊಂಡ ಕರುವಿನಂತೆ ತಾನೊಂದೇ ಹೊರಟಿತು. ಇಷ್ಟು ವರ್ಷಕ್ಕೆ ಅವರ ಧ್ವನಿ ಅವರಿಗೇ ಕೇಳಿಸಿತು. ಎರಡನೆಯ ನುಡಿಗೆ ತಾವಾಗಿಯೇ ನಿಲ್ಲಿಸಿದರು. ಎದ್ದು ಹೋಗಿಬಿಡೋಣ ಅನ್ನಿಸಿತು.

ಯಾರೂ ನಗಲಿಲ್ಲ, ತಲೆಯನ್ನೂ ದೂಗಲಿಲ್ಲ. ಹಾರ್ಮೋನಿಯಂ ನೇಕಾರ ತಮಿಳಿನಲ್ಲಿ ಏನೋ ಹೇಳಿ, ಒಂದು ಜೊತೆ ತಾಳವನ್ನು ಅವರ ಮುಂದಿಟ್ಟ. ಪುಟ್ಟಮಲ್ಲಮ್ಮ ಅದನ್ನು ಕನ್ನಡಕ್ಕೆ ತಂದಳು: “ಪದ ಸಾಕಂತೆ. ಆದ್ರೆ ಪದ ಯೋಳೋವಾಗ ನಿಮ್ ಕೈ ತೊಡೆ ಮ್ಯಾಲೆ ಒಂದೇಟೂ ತಪ್ಲಿಲ್ವಂತೆ. ತಾಳ ತಕಳಿ ಅಂತಾವ್ನೆ.”

ಊರಿನಲ್ಲಿ ತಾಳ ಹಿಡಿಯುವುದು ಹಿಂದಿನ ಸಾಲಿನವರ ಕೆಲಸ. ಯಜಮಾನರು ಅದನ್ನು ಮುಟ್ಟಿದವರಲ್ಲ. ಇಲ್ಲಿ ಯಜಮಾನರು ಯಾರೆಂದು ಯಾರಿಗೆ ಗೊತ್ತು? ಹಿಡಿದರು. ತಮಿಳು ಪದದ ಒಂದಕ್ಷರ ತಿಳಿಯದಿದ್ದರೂ ಸಾಲು ಎಲ್ಲಿ ಬಂದು ಕೂರುತ್ತದೆಂದು ಕೈಗೆ ಗೊತ್ತಾಗುತ್ತಿತ್ತು. ನೇಕಾರ ಓರೆಗಣ್ಣಿನಲ್ಲಿ ನೋಡಿ ವೇಗ ಏರಿಸಿದ; ತಾಳವೂ ಏರಿತು. ಮದ್ದಳೆಯವನು ನಗುತ್ತ ಇವರ ಕಡೆಗೇ ತಿರುಗಿ ಕೂತ. ಬೆವರು ಹರಿದು ಪೇಟ ಬಿಚ್ಚಿಟ್ಟರು. ಇಷ್ಟು ಸಂತೋಷ ಹಾಡುವಾಗ ಅವರಿಗೆ ಒಂದು ದಿನವೂ ಆಗಿರಲಿಲ್ಲ. ಮಂಗಳವಾದ ಮೇಲೆ ನೇಕಾರರು, ನಾಳೆಯೂ ಇದ್ದು ಹೋಗಿ ಎಂದು ಕೈಹಿಡಿದರು. ಮೈಸೂರಿನ ದಿನ ತಪ್ಪಿದರೆ ತಪ್ಪಲಿ ಎಂದು ಯಜಮಾನರು ಒಪ್ಪಿಕೊಂಡರು.

ಆದರೂ ಪ್ರಸಾದದ ಕಡಲೆ ಅಗಿಯುವಾಗ ಒಂದು ಮಾತು ಅವರನ್ನು ಬಿಡಲಿಲ್ಲ. ಪಕ್ಕದಲ್ಲಿದ್ದ ಪುಟ್ಟಮಲ್ಲಮ್ಮನನ್ನು ಕೇಳಿಯೇಬಿಟ್ಟರು:

“ಅಲ್ಲ ಕಣವ್ವ, ಇಪ್ಪತ್ತೊರ್ಸದಿಂದ ನಮ್ಮೂರಲ್ಲಿ ಪದ ಯೋಳ್ತಾ ಇವ್ನಿ. ಚೆಂದಾಗಿಲ್ಲ ಅಂತ ಒಬ್ರಾದ್ರೂ ಅನ್ನಲಿಲ್ವಲ್ಲ?”

“ಅಲ್ಲಿ ನಿಮ್ಗೆ ಜಮೀನು ಎಷ್ಟದೆ?”

“ಗದ್ದೆ ನಲ್ವತ್ತೆಕ್ರೆ,” ಎಂದರು ವೃಷಭೇಂದ್ರಪ್ಪನವರು, ಬೆನ್ನು ನೆಟ್ಟಗೆ ಮಾಡಿಕೊಂಡು.

ಮುದುಕಿ ಇನ್ನೊಂದು ಹಿಡಿ ಕಡಲೆಯನ್ನು ಅವರ ಅಂಗೈಗೆ ಸುರಿದಳು. “ಅಂಗಾರೆ ಆ ನಲ್ವತ್ತೆಕ್ರೆ ಒಳ್ಗೆ ನಿಮ್ ಸ್ವರ ಚೆಂದಾಗೇ ಅದೆ ಬುಡಿ.”