ನಮ್ಮ ಮನೆಯವರ ಕೇಸು

"ಒಳಗೆ ಬಿಡೋಕಾಗಲ್ಲಮ್ಮ," ಎಂದು ಗುಮಾಸ್ತ ಬಾಗಿಲಿಗೆ ಅಡ್ಡ ನಿಂತ.

ಬಟ್ಟೆ ಹೊಲಿಯುವ ಹೆಂಗಸು ಚೀಲವನ್ನು ಎದೆಗವಚಿಕೊಂಡಳು. "ಎರಡೇ ಮಾತು ಹೇಳಿ ಬಂದ್ಬಿಡ್ತೀನಿ ಸಾರ್. ನಮ್ಮ ಮನೆಯವರ ಕೇಸು."

ಜೈಲಿನಲ್ಲಿ ಪೆರೋಲ್ ಸಮಿತಿ ಕೂತಾಗಲೆಲ್ಲ ಅವಳು ತಪ್ಪದೆ ಬರುತ್ತಿದ್ದಳು. ಗೇಟಿನವರು ಹಾಜರಿಯಮ್ಮ ಎಂದು ಹೆಸರಿಟ್ಟಿದ್ದರು. ಹಳೆಯ ಅಧ್ಯಕ್ಷರು ಅವಳನ್ನು ಕೂರಿಸಿ, ಕತೆಯೆಲ್ಲ ಕೇಳಿ, ಕಣ್ಣೊರೆಸಿಕೊಳ್ಳುತ್ತಿದ್ದರು. ಪೆರೋಲ್ ಮಾತ್ರ ಕೊಡುತ್ತಿರಲಿಲ್ಲ.

ಈಗ ಸುಧಾರಣೆ ಬಂದಿತ್ತು. ಸುಧಾರಣೆ ಎಂದರೆ ಸುಮ್ಮನೆಯೇ? ಹಳಬರನ್ನೆಲ್ಲ ಎತ್ತಂಗಡಿ ಮಾಡಿ, ಕುರ್ಚಿಗಳಿಗೆ ಹೊಸ ಮೆತ್ತೆ ಹಾಕಿಸಿದ್ದರು. ಇನ್ನು ಅಧ್ಯಕ್ಷರ ಮೂಡು, ಅವರ ಅಜೀರ್ಣ, ಯಾರದೋ ಕಣ್ಣೀರು ನೋಡಿ ಕೈದಿಯ ಹಣೆಬರಹ ಬರೆಯುವಂತಿಲ್ಲ. ಎಲ್ಲಕ್ಕೂ ಅಂಕ. ನಡತೆಗೆ ಅಂಕ, ದುಡಿಮೆಗೆ ಅಂಕ, ಹೊರಗೆ ದಾರಿ ಕಾಯುವವರಿದ್ದರೆ ಎಲ್ಲಕ್ಕಿಂತ ಹೆಚ್ಚು ಅಂಕ. ಜನರ ಮಾತು ಕೇಳಿದರೆ ಮನಸ್ಸು ಕದಡುತ್ತದೆಂದು ಕೇಳುವುದನ್ನೇ ರದ್ದು ಮಾಡಿದ್ದರು. ನ್ಯಾಯಕ್ಕೆ ಕೊನೆಗೂ ನಿರಾಳವಾಗಿತ್ತು.

"ನನ್ನ ಮಾತು ಕೇಳದೆ ತೀರ್ಮಾನ ಮಾಡಿದ್ರೆ ನನ್ನ ಬದುಕೇ ಮುಗೀತು ಸಾರ್," ಎಂದಳು.

ಗುಮಾಸ್ತನ ಕರುಳು ಚುರ್ ಎಂದಿತು. ಒಳ್ಳೆಯ ಮನುಷ್ಯ, ಪಾಪ. ಬಿಟ್ಟರೆ ಕೈದಿ ಹೋಗುವುದೆಲ್ಲಿಗೆ ಎಂದು ವಿಚಾರಿಸಿದ.

"ಮೊದಲು ನಮ್ಮನೆಗೇ ಬರ್ತಾನೆ. ಕೋರ್ಟಲ್ಲಿ ಎಲ್ಲರೆದುರಿಗೇ ಹೇಳಿದಾನೆ."

ಗಂಡನನ್ನು ಏಕವಚನದಲ್ಲಿ ಕರೆಯುವ ಸಲಿಗೆಯನ್ನು ಗುಮಾಸ್ತ ಮನಸಾರೆ ಮೆಚ್ಚಿದ. ಮನೆ ಎಲ್ಲಿ ಎಂದೂ ಕೇಳಿದ. ಅಂತೂ ಒಬ್ಬರಾದರೂ ಕಿವಿಗೊಟ್ಟರಲ್ಲ ಎಂದು ಅವಳಿಗೆ ಜೀವ ಬಂದಂತಾಯಿತು. ಔಷಧಿ ಅಂಗಡಿಯ ಮೇಲಿನ ಮನೆ, ಇರುವುದು ತಾನೊಬ್ಬಳೇ ಎಂದು ವಿವರವಾಗಿ ಹೇಳಿದಳು.

ಒಳಗೆ ಕೆಲಸ ಚುರುಕಾಗಿ ನಡೆಯಿತು. ನಡತೆಯಲ್ಲಿ ಕೈದಿ ನಪಾಸು. ಜೊತೆಯವನ ಹಲ್ಲು ಉದುರಿಸಿದ್ದ. ದುಡಿಮೆಯಲ್ಲಿ ಸೊನ್ನೆ. ಆಗ ಗುಮಾಸ್ತ ಬಾಗಿಲಾಚೆಯ ಹೆಂಗಸಿನ ವಿಷಯ ಎತ್ತಿದ. ಒಂದು ಸಲವೂ ತಪ್ಪಿಸಿದವಳಲ್ಲ ಎಂದು ಗೇಟಿನವರೂ ಸಾಕ್ಷಿ ಹೇಳಿದರು. ದಾರಿ ಕಾಯುವವರ ಲೆಕ್ಕದಲ್ಲಿ ಅಂಕಗಳು ದಬದಬ ಬಿದ್ದು ಕೈದಿ ದಡ ಸೇರಿದ.

ಹೊಸ ಅಧ್ಯಕ್ಷರು ತಾವೇ ಎದ್ದು ಹೊರಗೆ ಬಂದರು. ಇಂಥ ಸುದ್ದಿಯನ್ನು ಗುಮಾಸ್ತನ ಬಾಯಲ್ಲಿ ಹೇಳಿಸಬಾರದು ಎಂಬುದು ಅವರ ದೊಡ್ಡತನ.

"ನೀವು ಬಾಯಿ ಬಿಡದೇನೇ ಗೆದ್ರಿ ಕಣಮ್ಮ. ನೀವು ಪ್ರತಿ ಸಲ ಬಂದಿದ್ದಕ್ಕೇ ಅವರಿಗೆ ಪೆರೋಲ್ ಸಿಕ್ಕಿದ್ದು. ಸಂಜೆ ನಮ್ಮ ಜೀಪಲ್ಲೇ ಅವರನ್ನ ನಿಮ್ಮ ಮನೆ ಬಾಗಿಲಿಗೆ ಬಿಡಿಸ್ತೀನಿ."

ಅವಳು ಬೆಂಚಿನ ಮೇಲೆ ಕುಸಿದಳು. ಸಂತೋಷ ಹೆಚ್ಚಾದರೆ ಹೀಗೇ ಎಂದು ಗುಮಾಸ್ತ ನೀರು ತಂದುಕೊಟ್ಟ. ತೀರ್ಮಾನ ಮುಗಿದಿದ್ದರಿಂದ ಇನ್ನು ಕೇಳಿದರೆ ನಿಯಮಕ್ಕೇನೂ ಭಂಗವಿರಲಿಲ್ಲ. ಅಧ್ಯಕ್ಷರು ಪಕ್ಕದಲ್ಲಿ ಕೂತು, ಏನೋ ಎರಡು ಮಾತು ಇತ್ತಂತಲ್ಲ, ಈಗ ಧಾರಾಳವಾಗಿ ಹೇಳಿ ಎಂದರು.

"ನಮ್ಮ ಮನೆಯವರನ್ನ ಕೊಂದವನು ಸಾರ್ ಅವನು."