ಕೀರ್ತಿಕುಮಾರನ ಎಡಗೈ ಗಿಟಾರ್

ಹಾಲಿನ ಡೇರಿಯ ಮೀಟಿಂಗಿಗೆಂದು ಹೋದ ವನಜಮ್ಮ ಹೋದಷ್ಟೇ ಬೇಗ ವಾಪಸು ಬಂದುಬಿಟ್ಟಳು. ಜನ ಸೇರದೆ ಕೋರಂ ಆಗಲಿಲ್ಲವಂತೆ. ಹೀಗಾಗಿ ಶುಂಠಿ ಶೆಡ್ಡಿನಲ್ಲಿ ಹೊಸ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಅವಳ ಮಗ ಕೀರ್ತಿಕುಮಾರ, ನಲವತ್ತಾರು ವರ್ಷದ ಗಂಡಸು, ಬೆಲ್ಲ ಕದ್ದ ಹುಡುಗನ ಹಾಗೆ ಸಿಕ್ಕಿಬಿದ್ದ.

ಗಿಟಾರ್ ಬಂದಿದೆಯೆಂದು ಅವಳಿಗೂ ಗೊತ್ತಿತ್ತು. ಊರಿಗೇ ಗೊತ್ತಿತ್ತು. ವರ್ಷಕ್ಕೆ ಹತ್ತೇ ಗಿಟಾರ್ ಮಾಡುವ ಪುದುಚೇರಿಯ ಒಬ್ಬ ಆಸಾಮಿಗೆ ಹದಿನಾಲ್ಕು ತಿಂಗಳು ಫೋನು ಮಾಡಿ ಮಾಡಿ, ಅವನ ಜೀವ ತಿಂದು ಮಾಡಿಸಿದ ಎಲೆಕ್ಟ್ರಿಕ್ ಗಿಟಾರ್ ಅದು. ಮೈಗೆ ಯಾವ ಮರ, ಹಿಡಿಯುವ ಕತ್ತು ಎಷ್ಟು ದಪ್ಪ, ಎಲ್ಲ ಇವನದೇ ಆಯ್ಕೆ. ಬಣ್ಣ ಹೀಗಿರಬೇಕೆಂದು ಹಣ್ಣಾದ ಕಾಫಿಯ ಫೋಟೋ ಬೇರೆ ಕಳಿಸಿದ್ದ. ಕುಶಾಲನಗರದ ಕೊರಿಯರ್ ಆಫೀಸಿನಿಂದ ಮನೆಗೆ ತಂದ ಮೇಲಾದರೂ ಸುಮ್ಮನಿದ್ದನೇ? ಅದರ ಲೋಹದ ಗುಂಡಿಗಳನ್ನು ಕಿತ್ತು, ಕಾಫಿ ಗಿಡದ ಬೊಡ್ಡೆಯಲ್ಲಿ ಕಡೆಸಿದ ಗುಂಡಿಗಳನ್ನು ಕೂರಿಸಿದ. ಕೈಗೆ ಸರಿಯಾಗಿ ಸಿಗುವುದಿಲ್ಲವೆಂದು ವಾಲ್ಯೂಮಿನ ಮತ್ತು ಟೋನಿನ ವೈರುಗಳನ್ನು ತಾನೇ ಬೆಸುಗೆ ಹಾಕಿ ಅದಲುಬದಲು ಮಾಡಿದ. ಆರ್ಕೆಸ್ಟ್ರಾದಲ್ಲಿ ಜೊತೆಗೆ ಕೀಬೋರ್ಡ್ ನುಡಿಸುವ ಚಂದ್ರು, ಹೆಣ್ಣು ನೋಡುವಾಗಲೂ ನೀನು ಇಷ್ಟು ನೋಡಲಿಲ್ಲ ಎಂದು ಛೇಡಿಸಿದ್ದ.

ಆದರೆ ಅದು ಎಡಗೈಯವರ ಗಿಟಾರ್ ಎಂಬುದನ್ನು ಮಾತ್ರ ಅವನು ಅವ್ವನಿಗೆ ಹೇಳಿರಲಿಲ್ಲ. ಹೇಳುವ ಧೈರ್ಯವೇ ಬಂದಿರಲಿಲ್ಲ. ಆರು ವರ್ಷದವನಿದ್ದಾಗ ಅವನು ಎಡಗೈಯಲ್ಲಿ ಉಣ್ಣುತ್ತಾನೆಂದು ಊಟದ ಹೊತ್ತಿಗೆ ಹಳೇ ಸೀರೆಯ ಅಂಚಿನಿಂದ ಆ ಕೈಯನ್ನು ಕಂಬಕ್ಕೆ ಕಟ್ಟುತ್ತಿದ್ದವಳು ಇದೇ ವನಜಮ್ಮ. ಒಂದು ವರ್ಷ ಕಟ್ಟಿದಳು. ಕೈ ಬದಲಾಯಿತು. ಮುಂದೆ ಬರೆದದ್ದು ಬಲಗೈಯಲ್ಲಿ, ಗಿಟಾರ್ ಕಲಿತದ್ದೂ ಬಲಗೈಯವರ ಹಾಗೆ. ಇಪ್ಪತ್ತೈದು ವರ್ಷ ಮದುವೆ ಮನೆಗಳಲ್ಲಿ ಬಾರಿಸಿದ. ಯಾರೂ ಕೆಟ್ಟದಾಗಿದೆ ಅನ್ನಲಿಲ್ಲ. ಅವನಿಗೆ ಮಾತ್ರ ಗೊತ್ತಿತ್ತು, ತಂತಿ ಮೀಟುವ ಕೈಯಲ್ಲಿ ಏನೋ ಒಂದು ತಡೆ ಇದೆ, ಹಾಡು ಹರಿಯುವುದಿಲ್ಲ ಅಂತ. ಸಾಯುವುದರೊಳಗೆ ಒಂದೇ ಒಂದು ಹಾಡನ್ನಾದರೂ ಹುಟ್ಟಿದ ಕೈಯಲ್ಲಿ ನುಡಿಸಬೇಕೆಂಬ ಹಟ ಹಿಡಿದದ್ದು ಅದಕ್ಕೇ.

ವನಜಮ್ಮ ಚಪ್ಪಲಿ ಬಿಟ್ಟು ಒಳಗೆ ಬಂದಳು. ಗಿಟಾರನ್ನು ನೋಡಿದಳು, ಮಗನ ಕೈ ನೋಡಿದಳು.

"ಇದ್ಯಾಕಪ್ಪ, ತಿರುಗಾಮುರುಗಾ ಹಿಡ್ಕೊಂಡಿದೀಯ?"

"ತಿರುಗಾಮುರುಗ ಅಲ್ಲ ಕಣವ್ವ. ಇದು ಇರೋದೇ ಹಿಂಗೆ. ಎಡಗೈಗೆ ಅಂತ ಮಾಡ್ಸಿದ್ದು."

ಗೋಡೆಯ ಪಕ್ಕ ಬಿತ್ತನೆ ಶುಂಠಿಯ ರಾಶಿ ಬಿದ್ದಿತ್ತು. ಚೀಲ ಹಾಸಿಕೊಂಡು ಅದರ ಮುಂದೆ ಕೂತು, ಚಾಕು ತೆಗೆದುಕೊಂಡು, ಮೊಳಕೆ ನೋಡಿ ನೋಡಿ ತುಂಡು ಮಾಡತೊಡಗಿದಳು. ಬೈದಿದ್ದರೆ ಬೈಸಿಕೊಂಡು ಹಗುರಾಗುತ್ತಿದ್ದ. ಈ ಸುಮ್ಮನಿರುವಿಕೆ ಅವನಿಗೆ ತಡೆಯಲಾಗಲಿಲ್ಲ. ಗಿಟಾರನ್ನು ಪೆಟ್ಟಿಗೆಗೆ ಹಾಕಲು ಎದ್ದ.

"ಸಿಟ್ಟಿಗೆ ಕಟ್ಟಿದ್ದಲ್ಲ ಕಣೋ," ಅಂದಳು ವನಜಮ್ಮ ತಲೆ ಎತ್ತದೆ. "ಪಂಕ್ತೀಲಿ ನಿನ್ನ ಎಬ್ಬಿಸಿಬಿಟ್ರೆ ಅಂತ ಹೆದ್ರಿಕೆ."

"ನಂಗೇನು ಗೊತ್ತಿಲ್ವಾ," ಅಂದ. ನಿಜಕ್ಕೂ ಅವನಿಗೆ ಇಂದಿನವರೆಗೆ ಗೊತ್ತಿರಲಿಲ್ಲ.

ಆ ಕೈಗೆ ಈಗ ಬಾರಿಸೋಕೆ ಬರುತ್ತಾ ಎಂದು ಅವಳು ಕೇಳಿದಳು. ಬರಲ್ಲ ಅಂದ. ನೀನಿಲ್ಲದ ಹೊತ್ತಲ್ಲಿ ಎರಡು ತಿಂಗಳಿಂದ ಒದ್ದಾಡುತ್ತಿದ್ದೇನೆ, ಕತ್ತಿನ ಮೇಲೆ ತಂತಿ ಒತ್ತುವ ಬಲಗೈ ಬೆರಳು ಮಾತು ಕೇಳುವುದಿಲ್ಲ, ಇಷ್ಟು ಚೆಂದದ ಗಿಟಾರನ್ನು ಎಲ್‌ಕೆಜಿ ಮಗುವಿನ ಕೈಗೆ ಕೊಟ್ಟ ಹಾಗಾಗಿದೆ ಅಂದ. ಆದರೂ ಎಡಗೈ ತಂತಿಗೆ ಬಿದ್ದಾಗ ಒಂಥರಾ ಸುಖವಾಗುತ್ತದೆ ಎಂದೂ ಹೇಳಿಬಿಟ್ಟ. ಹೇಳಿದ ಮೇಲೆ ನಾಚಿಕೆಯಾಯಿತು.

"ಬಾರ್ಸು ಮತ್ತೆ. ನಾನೇನು ದುಡ್ಡು ಕೊಟ್ಟು ಬಂದಿಲ್ಲ, ತಪ್ಪಾದ್ರೆ ಎದ್ದು ಹೋಗಲ್ಲ."

ಕೀರ್ತಿಕುಮಾರ ನಕ್ಕು ಕೂತ. ಆಂಪ್ಲಿಫೈಯರಿನ ಸದ್ದು ತಗ್ಗಿಸಿ, ಚಿಕ್ಕ ಮಕ್ಕಳಿಗೆ ಕಲಿಸುವಂಥ ನಾಲ್ಕೇ ಸ್ವರದ ಒಂದು ಮಟ್ಟನ್ನು ಹಿಡಿದ. ಮೊದಲ ಸಲ ತಪ್ಪಿತು. ಎರಡನೇ ಸಲ ಅರ್ಧಕ್ಕೆ ನಿಂತಿತು. ಮೂರನೇ ಸಲ, ಅದೇನಾಯಿತೋ, ಎಡಗೈ ತಾನಾಗಿ ತೂಗಿಕೊಂಡು ಹೋಯಿತು. ಇಪ್ಪತ್ತೈದು ವರ್ಷ ಬಾರದ ಹರಿವು ಆ ನಾಲ್ಕು ಸ್ವರಗಳಲ್ಲಿ ಬಂತು. ಎಷ್ಟು ಖುಷಿಯಾಯಿತೆಂದರೆ ಅದನ್ನೇ ಹತ್ತು ಸಲ ನುಡಿಸಿದ. ಆಮೇಲೆ, ಕೇಳಿಸಿತಾ ಎನ್ನುವ ಹಾಗೆ ಅವ್ವನ ಕಡೆ ತಿರುಗಿದ.

ವನಜಮ್ಮನ ಚಾಕು ಎಡಗೈಗೆ ಬಂದಿತ್ತು. ಬಲಗೈಯಲ್ಲಿ ಒಂದು ತುಂಡಾಗುವ ಹೊತ್ತಿಗೆ ಈಗ ಮೂರು ಬೀಳುತ್ತಿದ್ದವು, ಮೂರೂ ಒಂದೇ ಅಳತೆ. ಎಪ್ಪತ್ತು ದಾಟಿದ ಆ ಕೈಗೆ ಎಲ್ಲಿಯ ಅಳುಕೂ ಇರಲಿಲ್ಲ. ಕೀರ್ತಿಕುಮಾರ ಬಾಯಿ ಬಿಟ್ಟುಕೊಂಡು ನೋಡಿದ. ತನ್ನ ಜನ್ಮದಲ್ಲಿ ಅವಳು ಆ ಕೈಯಲ್ಲಿ ಒಂದು ಚಮಚ ಹಿಡಿದದ್ದನ್ನೂ ಅವನು ಕಂಡಿರಲಿಲ್ಲ.

"ಅವ್ವ, ನಿನ್ನ ಕೈ ಯಾರು ಕಟ್ಟಿದ್ರು?"

"ಯಾರೂ ಕಟ್ಟಲಿಲ್ಲ ಕಣಪ್ಪ," ಅಂದಳು ವನಜಮ್ಮ, ಇನ್ನೊಂದು ಗೆಡ್ಡೆ ಎತ್ತಿಕೊಳ್ಳುತ್ತ. "ಮದುವೆಯಾಗಿ ಬಂದ ದಿನ ನಮ್ಮತ್ತೆ ಒಂದ್ಸಲ ನೋಡಿದ್ರು, ಅಷ್ಟೇ."