ಮಂಜಿನಲ್ಲಿ ಓಡಿದವನು

“ಅಭಿರಾಮ್!” ಎಂದು ಸುಬ್ಬಕೃಷ್ಣ ಮೇಷ್ಟ್ರು ಕೂಗಿದರು. ಕೂಗಿದ್ದು ಕೆರೆಯ ಕಡೆಗೆ. ಕಲ್ಲುಬೆಂಚಿನ ಮೇಲೆ ಅವರು ಕೋರ್ಟಿಗೆ ಬೆನ್ನು ಹಾಕಿ ಕೂತಿದ್ದರು. ಗುಬ್ಬಿಯ ಆ ಸಣ್ಣ ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ತಂಡದ ಆಯ್ಕೆ ಪ್ರತಿ ಸೀಸನ್‌ಗೂ ಹೀಗೆಯೇ. ಹೆಸರು ಕರೆದವನು ಚೆಂಡು ಪುಟಿಸುತ್ತ ಓಡಿ ಬ್ಯಾಸ್ಕೆಟ್‌ಗೆ ಹಾಕಬೇಕು. ಮೇಷ್ಟ್ರು ನೋಡುವುದಿಲ್ಲ, ಕೇಳುತ್ತಾರೆ. ಮನಸ್ಸಿಗೆ ಹಿಡಿಸಿದರೆ ಬಲಗೈ ಮೇಲೇಳುತ್ತದೆ, ಎದ್ದರೆ ಅವನು ಆಯ್ಕೆಯಾದ ಹಾಗೆ. ದೇವಸ್ಥಾನದ ಕಂಬದ ಮರೆಯಲ್ಲಿ ಕೂತು ಕಾವ್ಯವಾಚನ ಕೇಳುತ್ತ ಬೆಳೆದವರು ಅವರು. “ವಾಚನ ಮಾಡೋರ ಮುಖ ನೋಡ್ತಾ ಕೂತ್ರೆ ಪದ್ಯ ಕಿವಿಗೆ ಬೀಳಲ್ಲ ಕಣ್ರೋ” ಎನ್ನುವರು. “ಸಾರ್ ಹಂಗೇ ನಿದ್ದೆ ಹೋದ್ರೆ ಒಬ್ರೂ ಸೆಲೆಕ್ಟಾಗಲ್ಲ” ಎಂದು ಹುಡುಗರು ನಗುವರು.

ಇವತ್ತು ನೋಡಿದ್ದರೂ ಏನೂ ಕಾಣುತ್ತಿರಲಿಲ್ಲ. ಕೆರೆಯಿಂದೆದ್ದ ಮಂಜು ಕೋರ್ಟನ್ನು ನುಂಗಿ, ರಿಂಗುಗಳೆರಡನ್ನೂ ನುಂಗಿ, ಹೊಂಗೆಮರದ ಅರ್ಧ ನುಂಗಿತ್ತು. ತಂಡದಲ್ಲಿ ಒಂದೇ ಜಾಗ ಉಳಿದಿತ್ತು. ಬೆಂಚಿನಿಂದ ದೂರದ, ಕೋರ್ಟಿನ ಆ ತುದಿಯಲ್ಲಿ ಸರದಿಗೆ ಉಳಿದವರು ಇಬ್ಬರು. ಹೋದ ವರ್ಷದ ಕ್ಯಾಪ್ಟನ್ ಅಭಿರಾಮ, ಅವನ ರೂಮಿನ ಕಾಂತೇಶ. ಮ್ಯಾಚಿನಲ್ಲಿ ಬಿದ್ದು ಮಂಡಿಗೆ ಆಪರೇಷನ್ ಮಾಡಿಸಿಕೊಂಡ ಮೇಲೆ ಅಭಿರಾಮ ಓಡಿರಲಿಲ್ಲ. ಕನಸಿನಲ್ಲಿ ಮಾತ್ರ ಓಡುತ್ತಿದ್ದ.

“ಬಾಲ್ ಕೊಡಣ್ಣ ಇಲ್ಲಿ” ಎಂದು ಕಾಂತೇಶ ಪಿಸುಗುಟ್ಟಿದ.

“ಏನ್ಲಾ? ಕರೆದಿದ್ದು ನನ್ ಹೆಸ್ರು.”

“ಅದ್ಕೇ ಕೇಳ್ತಿರೋದು. ನೀನ್ ಓಡ್ತಿದ್ಯಲ್ಲ, ಹಂಗೇ ಓಡ್ತೀನಿ. ನನ್ ಹೆಸ್ರು ಕೂಗ್ದಾಗ ನೀನು ಹೋಗು.”

“ಆಮೇಲೆ ನಿನ್ ಗತಿ?”

“ನಂಗೆ ಮುಂದಿನ್ ವರ್ಷ ಐತೆ. ನಿಂಗಿದೇ ಕೊನೇದು. ಮ್ಯಾಚು ಶುರುವಾಗೋಷ್ಟ್ರಲ್ಲಿ ಮಂಡಿ ಸರಿಯಾಯ್ತದೆ ಬುಡು.”

“ಏನ್ರಪ್ಪಾ, ಅಲ್ಲೇ ಟೀ ಕಾಸ್ಕೊಂಡು ಕುಡೀತಿದೀರಾ?” ಬೆಂಚಿನಿಂದ ಕೂಗು ಬಂತು. ಅಭಿರಾಮನ ಕೈಯಿಂದ ಚೆಂಡು ಕಿತ್ತುಕೊಂಡು ಕಾಂತೇಶ ಮಂಜಿನೊಳಗೆ ಮಾಯವಾದ.

ಎರಡು ಗಿಡ್ಡ ಪುಟಿತ, ಒಂದು ನೀಳ ಪುಟಿತ. ಮತ್ತೆ ಎರಡು ಗಿಡ್ಡ, ಒಂದು ನೀಳ. ಷಟ್ಪದಿಯ ಸಾಲೊಂದು ಸಿಮೆಂಟಿನ ಮೇಲೆ ನಡೆದು ಹೋದಂತಿತ್ತು. ಹಾಗೆ ಪುಟಿಸುತ್ತಿದ್ದವನು ಇಡೀ ಕಾಲೇಜಿನಲ್ಲಿ ಅಭಿರಾಮನೊಬ್ಬನೇ. ಮಂಜಿನೊಳಗೆ ಅವನೇ ಓಡುತ್ತಿದ್ದ, ಬೀಳುವುದಕ್ಕೆ ಮೊದಲಿನ ಅವನು. ನಿಂತಲ್ಲೇ ನಿಂತು ಅವನು ತನ್ನ ಓಟವನ್ನು ಕೇಳಿದ. ಜಿಗಿಯುವ ಮೊದಲು ಒಂದು ಗಳಿಗೆ ಬಿಡುವು, ಅದೂ ಅವನದೇ. ಆಮೇಲೆ ಬಲೆಗೆ ಚೆಂಡು ಸವರಿಕೊಂಡು ಇಳಿದ ಮೆಲುಸದ್ದು.

ಮೇಷ್ಟ್ರ ಬಲಗೈ ಎದ್ದಿತು. ಎಡಗೈಯೂ ಎದ್ದು ಬಲಗೈಯನ್ನು ಕೂಡಿಕೊಂಡಿತು. “ನಡೆಸ್ಕೊಟ್ಟೆಯಪ್ಪಾ ನರಸಿಂಹ!” ಅವರ ದನಿ ಒದ್ದೆಯಾಗಿತ್ತು. “ಗುಣ ಆಯ್ತಲ್ಲೋ ಅಭಿ! ನಂದೂ ಹಾಳು ಮಂಡಿನೇ ಕಣೋ. ಆದ್ರೂ ನಿನ್ ಮಂಡಿಗೆ ಅಂತ ಪ್ರತಿ ಶನಿವಾರ ದೇವರಾಯನದುರ್ಗದ ಬೆಟ್ಟ ಹತ್ತಿ ಆ ನರಸಿಂಹನಿಗೆ ಕೈಮುಗ್ದಿದೀನಿ. ಹತ್ತುವಾಗೆಲ್ಲ ನಿನ್ನ ಬೈಕೊಂಡೇ ಹತ್ತಿದೀನಿ, ತಿಳ್ಕೋ.”

ಅಂಚಿನಲ್ಲಿ ಕೂತಿದ್ದ ಹುಡುಗರು ಯಾರೂ ನಗಲಿಲ್ಲ. ಮೇಷ್ಟ್ರು ಕಣ್ಣೊರೆಸಿಕೊಂಡು, ಜಾಗ ತುಂಬಿದ್ದರೂ ಉಳಿದ ಒಂದು ಹೆಸರನ್ನು ಬಿಡದೆ, “ಕಾಂತೇಶ್!” ಎಂದರು.

ಮಂಜಿನಿಂದ ಏದುಸಿರು ಬಿಡುತ್ತ ಬಂದ ಕಾಂತೇಶ ಚೆಂಡನ್ನು ಅಭಿರಾಮನ ಎದೆಗೆ ಒತ್ತಿದ. “ಹೋಗಣ್ಣ. ಕಾಂತ ಇವತ್ತು ಯಾಕೋ ಡಲ್ಲು ಅಂದ್ಕೋತಾರೆ, ಅಷ್ಟೆ.”

ಅಭಿರಾಮ ಹೊರಟ. ಮೊದಲೆರಡು ಹೆಜ್ಜೆ ಓಟದ ಹಾಗೇ ಇತ್ತು. ಆಮೇಲೆ ಚೆಂಡು ಒಂದು ಲೆಕ್ಕಕ್ಕೆ, ಕಾಲು ಇನ್ನೊಂದು ಲೆಕ್ಕಕ್ಕೆ ಬೀಳತೊಡಗಿದವು. ಶೂ ಸಿಮೆಂಟಿನ ಮೇಲೆ ಪರಪರ ಎಳೆಯಿತು. ರಿಂಗಿನ ಕೆಳಗೆ ನಿಂತು ಅವನು ಎಸೆದ. ಕಬ್ಬಿಣಕ್ಕೆ ಬಡಿದ ಚೆಂಡು ಎತ್ತಲೋ ಉರುಳಿಹೋಯಿತು.

ಮೇಷ್ಟ್ರ ಕೈ ಏಳಲಿಲ್ಲ. ಆದರೆ ಕುತ್ತಿಗೆ ನೆಟ್ಟಗಾಯಿತು. “ಲೋ ಕಾಂತೇಶಾ, ಕಾಲಿಗೇನ್ ಮಾಡ್ಕೊಂಡ್ಯೋ? ನಿನ್ನೆ ಚೆನ್ನಾಗಿದ್ಯಲ್ಲೋ!”

ಆ ದನಿಯಲ್ಲಿದ್ದ ಗಾಬರಿಗೆ ಕಾಂತೇಶನ ಬಾಯಿ ತಡೆಯಲಿಲ್ಲ. “ಏನೂ ಆಗಿಲ್ಲ ಸಾರ್, ಚೆನ್ನಾಗಿದೀನಿ!”

ಮಾತು ಬಂದದ್ದು ಕೋರ್ಟಿನ ಆ ತುದಿಯಿಂದ. ಕಾಲೆಳೆದ ಸದ್ದು ನಿಂತದ್ದು ಈ ತುದಿಯಲ್ಲಿ, ರಿಂಗಿನ ಕೆಳಗೆ. ಮೇಷ್ಟ್ರ ಬೆನ್ನು ಕಲ್ಲಿನ ಹಾಗಾಯಿತು.

“ಇದು ನನ್ ಕಾಲು ಸಾರ್” ಎಂದ ಅಭಿರಾಮ.

ತುಮಕೂರಿನ ಕಡೆಗೆ ಹೊರಟ ರೈಲೊಂದು ಮಂಜಿನಾಚೆ ಎಲ್ಲೋ ಕೂಗಿಕೊಂಡು ಹೋಯಿತು.

“ಹಂಗಾದ್ರೆ ಆ ಮೊದ್ಲಿನ್ ಓಟ ಕಾಂತೇಶಂದು” ಎಂದರು ಮೇಷ್ಟ್ರು ನಿಧಾನವಾಗಿ. “ತಂಡಕ್ಕೆ ಅವನೇ. ನೀನು ಬಾರೋ ಇಲ್ಲಿ.”

ಅಭಿರಾಮ ಕಾಲೆಳೆಯುತ್ತ ಬಂದು ಅವರ ಬೆನ್ನ ಹಿಂದೆ ನಿಂತ. ಮೇಷ್ಟ್ರು ಆಗಲೂ ತಿರುಗಲಿಲ್ಲ. ಇಬ್ಬನಿ ಸುರಿದು ಒದ್ದೆಯಾಗಿದ್ದ ಬೆಂಚಿನ ತುದಿಗೆ ತಾವು ಸರಿದರು. ಅಷ್ಟು ಹೊತ್ತೂ ಅವರು ಕೂತಿದ್ದ, ಒಣಗಿ ಬೆಚ್ಚಗಿದ್ದ ಕಲ್ಲು ಅವನು ಕೂರಲೆಂದು ಖಾಲಿಯಾಯಿತು.